ಸಾಲದಪ್ಪನಿಗೆ ಜಾಮೀನು ನಿಂತವನು

ನಮ್ಮ ಪಕ್ಕದ ಮನೆಯ ನಿವೃತ್ತ ಹೆಡ್ ಕಾನ್‌ಸ್ಟೇಬಲ್ಲರನ್ನು ಠಾಣೆಯಲ್ಲಿ ಎಲ್ಲರೂ ಸಾಲದಪ್ಪ ಎಂದೇ ಕರೆಯುತ್ತಿದ್ದರು. ಹೊಸದಾಗಿ ಕೆಲಸಕ್ಕೆ ಸೇರಿದವರು, ಪಾಪ, ಈ ಮನುಷ್ಯ ಊರೆಲ್ಲ ಸಾಲ ಮಾಡಿ ಮುಳುಗಿರಬೇಕು ಅಂದುಕೊಂಡು, ಇವರು ಎದುರಿಗೆ ಬಂದರೆ ಜೇಬಿನ ಮೇಲೆ ಕೈಯಿಟ್ಟುಕೊಳ್ಳುತ್ತಿದ್ದರಂತೆ. ಅಸಲಿಗೆ ಅವರು ಯಾರ ಹತ್ತಿರವೂ ಕೈಚಾಚಿದವರಲ್ಲ. ಆ ಹೆಸರು ಬಂದದ್ದು ಅವರ ಬಾಯಲ್ಲಿ ಸದಾ ಇರುತ್ತಿದ್ದ ಒಂದು ಮಾತಿನಿಂದ. ಯಾರನ್ನಾದರೂ ಹಿಡಿದು ತಂದು, ಇವನೇ ಮಾಡಿದ್ದು, ಕೇಸು ಹಾಕಿಬಿಡೋಣ ಎಂದು ಮೇಲಿನವರು ಅವಸರ ಮಾಡಿದಾಗಲೆಲ್ಲ ಇವರು ಸೊಂಟದ ಬೆಲ್ಟು ಸರಿಮಾಡಿಕೊಂಡು, “ಸಾಲದು ಸಾರ್” ಅನ್ನುತ್ತಿದ್ದರು. ಸಾಕ್ಷಿ ಸಾಲದು ಎಂದು ಅದರ ಅರ್ಥ. ಇನ್ನೊಬ್ಬರನ್ನು ಕೇಳಬೇಕು, ಇನ್ನೊಂದು ಸಲ ಹೋಗಿ ನೋಡಬೇಕು, ಅವನು ಆ ಹೊತ್ತಿನಲ್ಲಿ ಎಲ್ಲಿದ್ದ ಎಂದು ತಿಳಿಯಬೇಕು. ಮೇಲಿನವರಿಗೆ ತಲೆ ಕೆಟ್ಟುಹೋಗುತ್ತಿತ್ತು. ಮನೆಯಲ್ಲಿ ಹೆಂಡತಿ ಬಡಿಸುತ್ತ “ಸಾಕೇನ್ರೀ?” ಎಂದು ಕೇಳಿದರೂ ಅದೇ ಉತ್ತರ. ಆ ಒಂದು ವಿಷಯದಲ್ಲಿ ಮಾತ್ರ ಸಾಕ್ಷಿಗೆ ಕೊರತೆಯಿರಲಿಲ್ಲ. ಬೆಲ್ಟಿನ ಮೇಲೆ ಕೂತಿದ್ದ ಹೊಟ್ಟೆಯೇ ಎಲ್ಲ ಹೇಳುತ್ತಿತ್ತು.

ಅವರ ಹೆಂಡತಿಯನ್ನು ನಾನು ಅಕ್ಕ ಅನ್ನುತ್ತೇನೆ. ಆ ಲೆಕ್ಕದಲ್ಲಿ ಅವರು ನನಗೆ ಭಾವ. ರಕ್ತಸಂಬಂಧವೇನೂ ಇಲ್ಲ, ನಡುವೆ ಒಂದು ಗಿಡ್ಡ ಕಾಂಪೌಂಡು ಗೋಡೆಯಿದೆ ಅಷ್ಟೆ. ಅಕ್ಕ ಹುಟ್ಟಿದಾಗಿನಿಂದ ಚರ್ಚಿನವಳು. ನಾನೂ ಅವಳೂ ಒಂದೇ ಗಾಯನ ತಂಡದಲ್ಲಿ ಹಾಡುತ್ತೇವೆ. ಹಾಡುತ್ತೇವೆ ಅನ್ನುವುದಕ್ಕಿಂತ ಅವಳು ಹಾಡುತ್ತಾಳೆ, ನಾವು ಜೊತೆಯಲ್ಲಿ ಬಾಯಿ ಆಡಿಸುತ್ತೇವೆ ಅನ್ನುವುದು ಸರಿ. ಅಂಥ ಗಂಟಲು ಅವಳದು. ಮೈಕನ್ನು ಅವಳಿಂದ ದೂರ ಸರಿಸಿಯೇ ಇಡುವುದು.

ಭಾವನ ಮನೆಯಲ್ಲಿ ದೇವರ ಗೊಡವೆಯೇ ಇರಲಿಲ್ಲ. ಅವರಪ್ಪ ಗಡಿಯಾರ ರಿಪೇರಿಯವರು. ಕೀಲಿ ಕೊಟ್ಟರೆ ನಡೆಯುತ್ತದೆ, ಕೊಡದಿದ್ದರೆ ನಿಲ್ಲುತ್ತದೆ, ಲೋಕವೆಂದರೆ ಇಷ್ಟೇ ಎಂದು ನಂಬಿದ್ದವರು. ಹಾಗಾಗಿ ಮದುವೆಯಾದಾಗಲೇ ಗಂಡಹೆಂಡಿರ ನಡುವೆ ಒಪ್ಪಂದವಾಗಿತ್ತು: ಅವಳು ಅವರನ್ನು ಒಳಗೆ ಕರೆಯುವಂತಿಲ್ಲ, ಅವರು ಅವಳನ್ನು ಹೊರಗೆಳೆಯುವಂತಿಲ್ಲ. ಡ್ಯೂಟಿಯಿಲ್ಲದ ಭಾನುವಾರ ಅವಳನ್ನು ಸ್ಕೂಟರಿನಲ್ಲಿ ಚರ್ಚಿನ ಗೇಟಿಗೆ ಬಿಟ್ಟು, ಎದುರುಗಡೆಯ ಮರದ ನೆರಳಿನಲ್ಲಿ ಸ್ಕೂಟರಿನ ಮೇಲೆಯೇ ಪೇಪರು ಬಿಡಿಸಿಕೊಂಡು ಕೂರುತ್ತಿದ್ದರು. ಹಾಡು ಅಲ್ಲಿಗೂ ಕೇಳುತ್ತಿತ್ತು. ಆರಾಧನೆ ಮುಗಿದ ಮೇಲೆ ಇಬ್ಬರೂ ಮನೆಗೆ ಹೋಗಿ ಊಟ ಮಾಡುವುದು. ಬದುಕು ಹೀಗೇ ಚೆನ್ನಾಗಿಯೇ ಸಾಗಿತ್ತು.

ಭಾವ ನಿವೃತ್ತರಾದ ಸ್ವಲ್ಪ ದಿನಕ್ಕೆ ನಮ್ಮ ಚರ್ಚಿನ ಕೀಲಿ ನೋಡಿಕೊಳ್ಳುತ್ತಿದ್ದ ಮುದುಕರು ಮಗಳ ಮನೆ ಸೇರಿದರು. ಅವರ ಜಾಗಕ್ಕೆ ಚರ್ಚಿನ ಹಿರಿಯರು ಪ್ಲಂಬರಣ್ಣನನ್ನು ನೇಮಿಸಿದರು. ಪ್ಲಂಬರಣ್ಣ ಬೇರೆ ಬಡಾವಣೆಯಿಂದ ಬಂದು ನಮ್ಮ ಸಭೆ ಸೇರಿದವನು. ಒಣಕಲು ಮೈ, ತುಸು ಬಾಗಿದ ಬೆನ್ನು, ಹೆಗಲಿಗೆ ಪಾನಾ, ಪೈಪು, ವಾಷರುಗಳ ಚೀಲ. ಕರೆದರೆ ಬರುತ್ತಾನೆ, ಹೇಳಿದ ಹೊತ್ತಿಗೇ ಬರುತ್ತಾನೆ. ಅಂಥ ಪ್ಲಂಬರನನ್ನು ಯಾರು ತಾನೇ ಬಿಟ್ಟಾರು. ಅವನು ಕೀಲಿ ಗೊಂಚಲು ಸೊಂಟಕ್ಕೆ ಸಿಕ್ಕಿಸಿಕೊಂಡು ಚರ್ಚಿನ ಬಾಗಿಲು ತೆಗೆಯಲು ಬಂದ ಮೊದಲ ಭಾನುವಾರ, ಮರದ ಕೆಳಗೆ ಕೂತಿದ್ದ ಭಾವ ಪೇಪರು ಮಡಚಿಟ್ಟರು.

ಗುರುತು ಹಿಡಿಯಲು ಅವರಿಗೆ ರೆಪ್ಪೆ ಬಡಿಯುವಷ್ಟೂ ಹೊತ್ತು ಬೇಕಾಗಲಿಲ್ಲ. ಅವನು ನಲ್ಲಿ. ಠಾಣೆಯಲ್ಲಿ ಅವನಿಗೆ ಅದೇ ಹೆಸರು. ಹರೆಯದಲ್ಲಿ ಅವನು ಮನೆ, ಶಾಲೆ, ಛತ್ರ ಅನ್ನದೆ ಎಲ್ಲಿ ಹಿತ್ತಾಳೆಯ ನಲ್ಲಿ ಕಂಡರೂ ಬಿಚ್ಚಿಕೊಂಡು ಹೋಗಿ ಗುಜರಿಗೆ ತೂಕದ ಮೇಲೆ ಮಾರುತ್ತಿದ್ದವನು. ಜನ ಬೆಳಿಗ್ಗೆ ಎದ್ದರೆ ಮೆಟ್ಟಿಲ ಮೇಲೆ ಹೊಳೆ. ಭಾವ ಅವನನ್ನು ಒಂದೆರಡು ಸಲ ಹಿಡಿದು ಒಳಗೆ ಹಾಕಿಸಿದ್ದರು. ಆದರೆ ಎಲ್ಲಕ್ಕಿಂತ ದೊಡ್ಡ ಕಳವಿನ ಕೇಸೊಂದು ಸಾಕ್ಷಿಯಿಲ್ಲದೆ ಬಿದ್ದುಹೋಗಿತ್ತು. ಅದು ಅವರಿಗೆ ಗಂಟಲಿಗೆ ಸಿಕ್ಕಿದ ಮುಳ್ಳಿನಂತೆ ಉಳಿದಿತ್ತು.

ಮನೆಗೆ ಹೋಗುವಾಗ ಅಕ್ಕನನ್ನು, ಕೀಲಿ ಹಿಡಿದುಕೊಂಡವನು ಯಾರು ಎಂದು ಕೇಳಿದರಂತೆ. ಚಿನ್ನದಂಥ ಮನುಷ್ಯ ಎಂದು ಅಕ್ಕ ಹಾಡಿ ಹೊಗಳಿದಳು. ಭಾವ ಬಾಯಿ ಬಿಡಲಿಲ್ಲ. ಕೋರ್ಟು ಬಿಟ್ಟು ಕಳಿಸಿದವನನ್ನು ಕಳ್ಳ ಎಂದು ಕರೆಯುವುದು ಅವರ ಜಾಯಮಾನಕ್ಕೆ ಒಗ್ಗುವುದಲ್ಲ. ಆದರೆ ಕಣ್ಣಿಡಬಾರದೆಂದು ಯಾವ ಕಾನೂನೂ ಹೇಳುವುದಿಲ್ಲವಲ್ಲ. ಮುಂದಿನ ಭಾನುವಾರ ಅವರು ಸ್ಕೂಟರಿಗೆ ಬೀಗ ಹಾಕಿ, ಚಪ್ಪಲಿಯ ಧೂಳು ಝಾಡಿಸಿ, ಚರ್ಚಿನೊಳಗೆ ಕಾಲಿಟ್ಟರು. ನಾವು ಆಗಷ್ಟೇ ಎದ್ದು ನಿಂತು ಹಾಡು ಶುರುಮಾಡಿದ್ದೆವು. ಬಾಗಿಲಲ್ಲಿ ಗಂಡನನ್ನು ಕಂಡ ಅಕ್ಕ ಒಂದು ಇಡೀ ಸಾಲು ನುಂಗಿಬಿಟ್ಟಳು. ಆ ಖಾಲಿ ಜಾಗದಲ್ಲಿ ನಮ್ಮ ದನಿಗಳು ಎಷ್ಟು ಬಡಕಲೆಂದು ಆವತ್ತು ಇಡೀ ಸಭೆಗೆ ಗೊತ್ತಾಯಿತು.

ಅಕ್ಕನ ಪ್ರಾರ್ಥನೆ ಫಲಿಸಿತು ಎಂದು ಎಲ್ಲರೂ ಸಂತೋಷಪಟ್ಟರು. ಭಾವ ಕೂತದ್ದು ಕೊನೆಯ ಬೆಂಚಿನ ಮೂಲೆಯಲ್ಲಿ. ಅಲ್ಲಿಂದ ಎರಡು ಬಾಗಿಲೂ, ಕಾಣಿಕೆಯ ತಟ್ಟೆಯೂ, ಪ್ಲಂಬರಣ್ಣನ ಸೊಂಟವೂ ಒಂದೇ ನೋಟಕ್ಕೆ ಸಿಗುತ್ತವೆ. ಪ್ರಾರ್ಥನೆಗೆ ಎಲ್ಲರೂ ಕಣ್ಣು ಮುಚ್ಚಿದರೆ ಇವರು ಇನ್ನಷ್ಟು ಅಗಲಿಸಿ ತೆರೆಯುತ್ತಿದ್ದರು. ನೂರು ಜನ ಒಟ್ಟಿಗೆ ಕಣ್ಣು ಮುಚ್ಚುವ ಜಾಗ ಕಳ್ಳನಿಗೆ ಇನ್ನೆಲ್ಲಿ ಸಿಗುತ್ತದೆ ಎಂದು ಅವರ ತರ್ಕ. ನಮ್ಮ ಪಾದ್ರಿ ಇನ್ನೂ ಎಳೆಯರು, ಓದು ಮುಗಿಸಿ ಬಂದು ಹೆಚ್ಚು ದಿನವಾಗಿರಲಿಲ್ಲ. ಒಮ್ಮೆ ಪ್ರಾರ್ಥನೆಯ ನಡುವೆ ಅಕಸ್ಮಾತ್ ಕಣ್ಣು ತೆರೆದರೆ ಹಿಂದಿನ ಬೆಂಚಿನಿಂದ ಪೊಲೀಸ್ ಕಣ್ಣೆರಡು ನೆಟ್ಟ ನೋಟದಲ್ಲಿ ನೋಡುತ್ತಿದ್ದವಂತೆ. ತಾನು ಮಾಡಿಲ್ಲದ ತಪ್ಪೆಲ್ಲ ನೆನಪಾಗಿ ಮಾತೇ ತಪ್ಪಿಹೋಯಿತು ಎಂದು ಆಮೇಲೆ ನಗುತ್ತ ಹೇಳಿದರು.

ಭಾನುವಾರದ ಊಟದ ಹೊತ್ತಿಗೆ ಅಕ್ಕನಿಗೆ ವರದಿ. ಇವತ್ತು ಏನೂ ನಡೆಯಲಿಲ್ಲ ಎನ್ನುವಾಗ ಭಾವನ ಮುಖ ಬಾಡಿರುತ್ತಿತ್ತಂತೆ. ಬೋಧನೆಯ ಬಗ್ಗೆ ಹೇಳುತ್ತಿದ್ದಾರೆಂದುಕೊಂಡ ಅಕ್ಕ, ಇವರಿಗೆ ಇನ್ನೂ ಆಳವಾದದ್ದು ಬೇಕಾಗಿದೆ ಎಂದು ಪಾದ್ರಿಗೆ ಹೋಗಿ ಹೇಳಿದಳು. ಪಾದ್ರಿ ಅಂದಿನಿಂದ ಬೋಧನೆ ಉದ್ದ ಮಾಡಿದರು. ಅದರ ಕಷ್ಟ ನಮಗೆ.

ಕೊನೆಗೆ ಭಾವ ಬಲೆ ಒಡ್ಡಲು ತೀರ್ಮಾನಿಸಿದರು. ಪೇಟೆಗೆ ಹೋಗಿ, ಹೊಳೆಯುವ, ಕೈಗೆ ಭಾರವಾದ ಹಿತ್ತಾಳೆಯ ನಲ್ಲಿಯೊಂದನ್ನು ತಂದರು. ಏತಕ್ಕೆ ಎಂದು ಅಕ್ಕ ಕೇಳಿದರೆ, ಇರಲಿ ಅಂದರು. ಚರ್ಚಿನ ಹಿಂದೆ ಕೈಕಾಲು ತೊಳೆಯುವ ಕಟ್ಟೆಯಿದೆ. ಅಲ್ಲಿಯ ಪೈಪಿಗೆ ನಲ್ಲಿಯೇ ಇರಲಿಲ್ಲ, ಯಾವ ಕಾಲದಿಂದಲೋ ಮರದ ಬಿರಡೆ ಬಡಿದಿತ್ತು. ಭಾವ ಆ ಕಟ್ಟೆಯ ಮೇಲೆ, ಯಾರೋ ಮರೆತು ಹೋದರೇನೋ ಎಂಬಂತೆ, ಆ ನಲ್ಲಿಯನ್ನು ಇಟ್ಟು ಬಂದರು. ಹಿತ್ತಾಳೆ ಕಂಡರೆ ನಲ್ಲಿಯ ಕೈ ಸುಮ್ಮನಿರುವುದಿಲ್ಲ ಎಂದು ಅವರ ಲೆಕ್ಕ. ಅದೇನೋ ಸರಿಯೇ ಆಯಿತು, ಕೈ ಸುಮ್ಮನಿರಲಿಲ್ಲ. ಮುಂದಿನ ಭಾನುವಾರ ಪಾದ್ರಿ ಪ್ರಕಟಣೆ ಓದುತ್ತ, ಹೆಸರು ಹೇಳಲಿಚ್ಛಿಸದ ದಾನಿಯೊಬ್ಬರು ಚರ್ಚಿಗೆ ಒಳ್ಳೆಯ ಹಿತ್ತಾಳೆಯ ನಲ್ಲಿ ಕೊಟ್ಟಿದ್ದಾರೆ, ಪ್ಲಂಬರಣ್ಣ ಬಿರಡೆ ತೆಗೆದು ಅದನ್ನು ಕೂಡಿಸಿದ್ದಾರೆ, ಆ ದಾನಿಯನ್ನು ದೇವರು ಆಶೀರ್ವದಿಸಲಿ ಎಂದರು. ಎಲ್ಲರೂ ಆಮೆನ್ ಅಂದರು. ಅಕ್ಕ ಮಾತ್ರ ಗಾಯನ ತಂಡದ ಸಾಲಿನಿಂದ ಮೆಲ್ಲಗೆ ತಿರುಗಿ ಕೊನೆಯ ಬೆಂಚಿನ ಕಡೆ ನೋಡಿದಳು. ಭಾವ ಅದೇ ಮೊದಲ ಸಲ ಕಣ್ಣು ಮುಚ್ಚಿಕೊಂಡು ಕೂತಿದ್ದರು.

ಹೊರಗೆ ಬರುವಾಗ ಪ್ಲಂಬರಣ್ಣ ಪಕ್ಕಕ್ಕೆ ಬಂದು ಸಣ್ಣ ದನಿಯಲ್ಲಿ ಹೇಳಿದನಂತೆ, “ನಲ್ಲಿ ಚೆನ್ನಾಗಿದೆ ಸಾರ್. ಒಳ್ಳೇ ಎರಕ. ಮನೇಲಿ ಏನಾದ್ರೂ ಸೋರ್ತಿದ್ರೆ ಹೇಳಿ.” ಅವನಿಗೆ ಎಲ್ಲ ಗೊತ್ತಾಗಿತ್ತು. ಬಹುಶಃ ಮೊದಲ ದಿನದಿಂದಲೇ.

ಇದರಿಂದ ಭಾವನಿಗೆ ಅವನ ಮೇಲೆ ನಂಬಿಕೆ ಹುಟ್ಟಿತೆಂದು ಯಾರೂ ತಿಳಿಯಬಾರದು. ಬಲೆಯ ವಾಸನೆ ಹಿಡಿದವನು ಬಲೆಗೆ ಬೀಳುವುದಿಲ್ಲ, ಅದರಿಂದ ಏನೂ ಸಾಬೀತಾಗುವುದಿಲ್ಲ. ಅವರನ್ನು ಅಲುಗಾಡಿಸಿದ್ದು ಬೇರೆಯೇ ಒಂದು ಸಂಗತಿ. ಪೇಟೆಯ ಪೈಪಿನಂಗಡಿಯಲ್ಲಿ ಒಂದು ಸಂಜೆ ಪ್ಲಂಬರಣ್ಣನಿಗೂ ಅಂಗಡಿಯವನಿಗೂ ಜಗಳ ಹತ್ತಿತು. ಅಂಗಡಿಯವನು ಒಡಕು ಪೈಪು ಕಟ್ಟಿಕೊಟ್ಟಿದ್ದ, ವಾಪಸು ತೆಗೆದುಕೊಳ್ಳಲಿಲ್ಲ. ಪ್ಲಂಬರಣ್ಣ ಬೀದಿಗೆ ಕೇಳುವಂತೆ, ಬರೆಯಲಾಗದಂಥ ಮಾತಿನಲ್ಲಿ ಬೈದ. ಎದುರಿನ ಬೇಕರಿಯಲ್ಲಿ ಚಹಾ ಕುಡಿಯುತ್ತಿದ್ದ ಭಾವ, ಸಿಕ್ಕಿತಲ್ಲ ಒಳಗಿನ ಸರಕು, ಎಂದು ಹಿಗ್ಗಿದರು. ಮಾರನೆಯ ಬೆಳಿಗ್ಗೆ ಮುಂದೇನಾಗುತ್ತದೆ ಎಂದು ನೋಡಲು ಮತ್ತೆ ಅದೇ ಬೇಕರಿಯಲ್ಲಿ ಕೂತಿದ್ದರು. ಅಂಗಡಿಯವನು ಶಟರು ಎತ್ತುವ ಮುಂಚೆಯೇ ಪ್ಲಂಬರಣ್ಣ ಬಂದು ನಿಂತಿದ್ದ. ಪೈಪಿನ ವಿಷಯದಲ್ಲಿ ನಿನ್ನದೇ ತಪ್ಪು, ಆದರೆ ನಿನ್ನ ತಾಯಿಯನ್ನು ಎಳೆದು ತಂದದ್ದು ನನ್ನ ತಪ್ಪು, ಅದಕ್ಕೆ ಕ್ಷಮಿಸು ಎಂದು ಎಲ್ಲರೆದುರಿಗೆ ಹೇಳಿ, ಅದೇ ಒಡಕು ಪೈಪು ಹೆಗಲಿಗೇರಿಸಿಕೊಂಡು ಹೋದ.

ಆ ದಿನ ಭಾವ ಮನೆಗೆ ಬಂದು, ಚಪ್ಪಲಿ ಬಿಡುವುದನ್ನೂ ಮರೆತು, ಅಡುಗೆಮನೆಯ ಬಾಗಿಲಲ್ಲಿ ನಿಂತು ಅಕ್ಕನಿಗೆ ಹೇಳಿದರು: “ಬೈಯೋದು ದೊಡ್ಡದಲ್ಲ ಕಣೇ, ಎಲ್ಲರೂ ಬೈತಾರೆ. ಆದ್ರೆ ಯಾರೂ ಹಿಡೀಲಿಲ್ಲ, ಹೊಡೀಲಿಲ್ಲ, ಹೆದರಿಸಲಿಲ್ಲ. ತಾನಾಗೇ ಬಂದು ತಪ್ಪೊಪ್ಪಿಕೊಂಡ. ನನ್ನ ಇಡೀ ಸರ್ವೀಸಲ್ಲಿ ಅಂಥದ್ದು ಒಂದೂ ನೋಡಿಲ್ಲ. ಅದೆಲ್ಲಿಂದ ಬಂತು ಅವನಿಗೆ?” ಅಕ್ಕ ಸೌಟು ಹಿಡಿದುಕೊಂಡೇ ಯೋಚಿಸಿ, ಚರ್ಚಿನಲ್ಲಿ ಹೇಳುವುದನ್ನು ಇನ್ನು ಮೇಲಾದರೂ ಸ್ವಲ್ಪ ಕಿವಿಗೊಟ್ಟು ಕೇಳಿ ಎಂದಳು. ಯಾರ ವಿಷಯ ಎಂದು ಅವಳು ಕೇಳಲಿಲ್ಲ, ಅವರೂ ಹೇಳಲಿಲ್ಲ.

ಅಂದಿನಿಂದ ಭಾವ ಕೊನೆಯ ಬೆಂಚು ಬಿಟ್ಟು ಒಂದೊಂದೇ ಬೆಂಚು ಮುಂದಕ್ಕೆ ಬರತೊಡಗಿದರು. ಬೋಧನೆ ಮುಗಿದ ಮೇಲೆ ಪಾದ್ರಿಯನ್ನು ಹಿಡಿದು ನಿಲ್ಲಿಸಿ ಪಾಟೀಸವಾಲು. ಯೇಸುವಿನ ಖಾಲಿ ಸಮಾಧಿಯನ್ನು ಮೊದಲು ಕಂಡವರು ಯಾರು, ಅಲ್ಲಿ ಬೆಳಕೆಷ್ಟಿತ್ತು, ಹೆಂಗಸರ ಮಾತನ್ನು ಗಂಡಸರು ಯಾಕೆ ಮೊದಲು ನಂಬಲಿಲ್ಲ. ಪಾದ್ರಿ ಬೆವರುತ್ತಿದ್ದರು, ಆದರೆ ಖುಷಿಯಿಂದ ಬೆವರುತ್ತಿದ್ದರು. ಅಷ್ಟೊಂದು ಗಮನವಿಟ್ಟು ಕೇಳುವವರು ಅವರಿಗೆ ಇನ್ನೊಬ್ಬರಿರಲಿಲ್ಲ. ಹಾಡುಗಳಂತೂ ಭಾವನಿಗೆ ಎಲ್ಲವೂ ಬಾಯಿಪಾಠ. ಆದರೆ ಗೇಟಿನಾಚೆಯಿಂದ ಕೇಳಿ ಕಲಿತದ್ದಲ್ಲವೇ, ‘ಕರುಣಾಳು’ ಎಂದಿರುವಲ್ಲಿ ‘ತರಕಾರಿ’ ಎಂದು ಹಾಡುತ್ತಿದ್ದರು. ತಿದ್ದಲು ಯಾರಿಗೂ ಮನಸ್ಸಾಗಲಿಲ್ಲ.

ಒಂದು ದಿನ ಊಟದ ನಡುವೆ ತಲೆ ಎತ್ತದೆ, ನಾನೂ ನೀರಿಗಿಳಿಯಬೇಕು ಅಂತಿದ್ದೀನಿ ಎಂದರಂತೆ. ಈ ವಯಸ್ಸಿನಲ್ಲಿ ಈಜು ಯಾಕೆ, ಮಂಡಿನೋವು ಬೇರೆ, ಎಂದು ಅಕ್ಕ ಶುರುಮಾಡಿದವಳು ಅರ್ಧಕ್ಕೇ ನಿಲ್ಲಿಸಿದಳು. ನೀರಿನಲ್ಲಿ ಮುಳುಗಿಸಿ ಸಭೆಗೆ ಸೇರಿಸಿಕೊಳ್ಳುವ ದೀಕ್ಷಾಸ್ನಾನದ ಮಾತು ಅದು ಎಂದು ಅವಳಿಗೆ ಆಗ ಹೊಳೆಯಿತು. ಊಟ ಅಲ್ಲಿಗೇ ಬಿಟ್ಟು ಎಂಜಲು ಕೈಯಲ್ಲೇ ಕಾಂಪೌಂಡಿಗೆ ಬಂದು ನನ್ನನ್ನು ಕೂಗಿದ ದನಿ ಮೂರು ಬೀದಿಗೆ ಕೇಳಿಸಿತು.

ನಮ್ಮ ಸಭೆಯಲ್ಲಿ ದೊಡ್ಡವರಾದ ಮೇಲೆ ದೀಕ್ಷಾಸ್ನಾನ ಬಯಸುವವರು ಹಿರಿಯರ ಮುಂದೆ ಸಾಕ್ಷಿ ಹೇಳಬೇಕು. ತಾನು ಹೇಗೆ ನಂಬಿಕೆಗೆ ಬಂದೆ ಎನ್ನುವುದನ್ನೇ ಚರ್ಚಿನಲ್ಲಿ ಸಾಕ್ಷಿ ಅನ್ನುವುದು. ಜೊತೆಗೆ, ಸಂಬಂಧಿಕರಲ್ಲದ ಒಬ್ಬರು ಇವರನ್ನು ನಾನು ಬಲ್ಲೆ ಎಂದು ಪರವಾಗಿ ನಿಲ್ಲಬೇಕು. ಸಭೆಯವರು ಯಾರು ಬೇಕಾದರೂ ಕೂತು ಕೇಳಬಹುದು. ನಾನು ಅಕ್ಕನ ಪಕ್ಕದಲ್ಲಿದ್ದೆ. ಮೇಜಿನ ಆಚೆ ಪಾದ್ರಿ, ಬ್ಯಾಂಕಿನಲ್ಲಿ ಮ್ಯಾನೇಜರಾಗಿದ್ದ ಹಿರಿಯರು, ಮತ್ತೆ ಔಷಧಿ ಅಂಗಡಿಯಮ್ಮ. ಪ್ಲಂಬರಣ್ಣ ಬಾಗಿಲ ಬಳಿ ಎಲ್ಲರಿಗೂ ಚಹಾ ಬಗ್ಗಿಸುತ್ತಿದ್ದ.

ಸಾಕ್ಷಿ ಹೇಳಿ ಎಂದ ಕೂಡಲೇ ಭಾವ ಅಭ್ಯಾಸಬಲದಿಂದ ನೆಟ್ಟಗೆ ನಿಂತು ಕೈ ಹಿಂದೆ ಕಟ್ಟಿಕೊಂಡರು.

“ನಾನು ಕಂಡದ್ದನ್ನ ಮಾತ್ರ ಹೇಳ್ತೀನಿ,” ಎಂದರು. “ದೇವರನ್ನ ನಾನು ನೋಡಿಲ್ಲ. ದನಿ ಕೇಳಿಲ್ಲ. ಕನಸೂ ಬಿದ್ದಿಲ್ಲ. ಒಬ್ಬ ಮನುಷ್ಯನ ಮೇಲೆ ಕಣ್ಣಿಡೋಕೆ ಅಂತ ಒಳಗೆ ಬಂದೆ. ಹುಡುಕಿದ್ದು ಸಿಗಲಿಲ್ಲ, ಹುಡುಕದೇ ಇದ್ದದ್ದು ಸಿಕ್ತು. ಅದು ಅವನಿಗೆ ಎಲ್ಲಿಂದ ಬಂತು ಅಂತ ವಿಚಾರಿಸ್ತಾ ಹೋದೆ. ವಿಚಾರಣೆ ಇನ್ನೂ ಮುಗಿದಿಲ್ಲ. ಆದ್ರೆ ವಾಪಸ್ ಮರದ ಕೆಳಗೆ ಹೋಗಿ ಕೂರೋಕೆ ನನಗೆ ಮನಸ್ಸಿಲ್ಲ.”

ಬ್ಯಾಂಕಿನ ಹಿರಿಯರು ಒಳ್ಳೆಯವರೇ, ಆದರೆ ಎಲ್ಲದಕ್ಕೂ ಆಧಾರ ಕೇಳಿ ರೂಢಿ. ಬದಲಾವಣೆಯಾದದ್ದು ಯಾವ ದಿನ ಎಂದು ಕೇಳಿದರು. ಭಾವನಿಗೆ ಗೊತ್ತಿರಲಿಲ್ಲ. ಪ್ರಾರ್ಥನೆ ಮಾಡುತ್ತೀರಾ ಎಂದರು. ಕೂರುತ್ತೇನೆ, ಆದರೆ ಪ್ರಶ್ನೆಗಳೇ ಜಾಸ್ತಿ ಬರುತ್ತವೆ ಎಂದರು. ಸಿಟ್ಟು ಕಡಿಮೆಯಾಗಿದೆಯಾ ಎಂದದ್ದಕ್ಕೆ ಭಾವ ಅಕ್ಕನ ಕಡೆ ಕೈ ತೋರಿಸಿದರು. ಅಕ್ಕ ಸುಳ್ಳು ಹೇಳುವವಳಲ್ಲ. ಇನ್ನೂ ಇದೆ ಅಂದಳು. ಎಲ್ಲರೂ ನಕ್ಕರು. ಆಮೇಲೆ ಹಿರಿಯರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, “ನೀವೇ ಹೇಳಿ. ಇಷ್ಟೇ ಸಾಕ್ಷಿ ಇಟ್ಕೊಂಡು ನೀವು ಕೋರ್ಟಿಗೆ ಹೋಗ್ತಿದ್ರಾ?” ಎಂದು ಕೇಳಿದರು.

ಭಾವ ಬೆಲ್ಟು ಸರಿಮಾಡಿಕೊಂಡರು. “ಇಲ್ಲ. ಸಾಲದು ಸಾರ್.”

ಅಕ್ಕ ನನ್ನ ಕೈಯನ್ನು ಎಷ್ಟು ಬಿಗಿಯಾಗಿ ಹಿಂಡಿದಳೆಂದರೆ ಬಳೆ ಒತ್ತಿದ ಗುರುತು ಸಂಜೆಯವರೆಗೂ ಇತ್ತು. ಪಾದ್ರಿ ಗಲಿಬಿಲಿಯಿಂದ, ಇವರ ಪರವಾಗಿ ಯಾರಾದರೂ ನಿಲ್ಲುತ್ತೀರಾ ಎಂದರು. ನಾನೇ ಏಳಬೇಕು ಅಂದುಕೊಂಡೆ. ಆದರೆ ಅಷ್ಟರಲ್ಲಿ ಬಾಗಿಲ ಬಳಿ ಕೆಟಲು ಕೆಳಗಿಟ್ಟ ಸದ್ದಾಯಿತು. ಪ್ಲಂಬರಣ್ಣ ಕೈಯೊರೆಸಿಕೊಂಡು ಮುಂದೆ ಬಂದ.

“ನಾನು ನಿಲ್ತೀನಿ,” ಎಂದ. “ಇವರು ಕಣ್ಣಿಟ್ಟಿದ್ದು ನನ್ನ ಮೇಲೆ. ನಾನು ಕಳ್ಳ ಆಗಿದ್ದೆ. ನಿಮ್ಮಲ್ಲಿ ಯಾರಿಗೂ ಹೇಳಿರಲಿಲ್ಲ.”

ಅವನು ನಿಂತಲ್ಲೇ ಎಲ್ಲ ಹೇಳಿದ. ಬಹಳ ವರ್ಷದ ಹಿಂದೆ ಹುಡುಗಿಯರ ಹಾಸ್ಟೆಲ್ ಒಂದರಲ್ಲಿ ರಾತ್ರೋರಾತ್ರಿ ಎಲ್ಲ ಮಹಡಿಯ ನಲ್ಲಿಗಳೂ ಮಾಯವಾಗಿದ್ದವು. ಬಿಚ್ಚಿದವನು ಅವನೇ. ಮಾಲು ಆಗಲೇ ಮಾರಿಯಾಗಿತ್ತು, ಕಂಡವರು ಯಾರೂ ಇರಲಿಲ್ಲ. ಅವನನ್ನು ಲಾಕಪ್ಪಿನಲ್ಲಿ ಕೂರಿಸಿದ್ದರು. ಹೊರಗೆ ಇನ್‌ಸ್ಪೆಕ್ಟರು ಭಾವನ ಕೈಗೆ ಒಂದು ಹಳೆಯ ನಲ್ಲಿ ಕೊಟ್ಟು, ಇದು ಅವನ ಮಂಚದ ಕೆಳಗೆ ಸಿಕ್ಕಿತು ಎಂದು ಬರೆದುಬಿಡು ಎಂದದ್ದು ಕಂಬಿಯ ಹಿಂದಿದ್ದವನಿಗೆ ಕೇಳಿಸಿತು.

“ಇವರು ಏನಂದ್ರು ಗೊತ್ತಾ? ‘ಅವನೇ ಕದ್ದದ್ದು ಅಂತ ನನಗೂ ಗೊತ್ತು ಸಾರ್. ಆದ್ರೆ ಇದು ಅಲ್ಲಿ ಸಿಕ್ಕಿದ್ದಲ್ಲ. ಸಾಕ್ಷಿ ಸಾಲದು.’ ಬೈಸಿಕೊಂಡ್ರು. ಆದ್ರೂ ಅದೇ ಮಾತು. ಕೇಸು ಬಿತ್ತು, ನಾನು ಹೊರಗೆ ಬಂದೆ. ಇವರನ್ನ ಬಿಸಿಲಲ್ಲಿ ಟ್ರಾಫಿಕ್ ಡ್ಯೂಟಿಗೆ ಹಾಕಿದ್ರು. ನನಗೋಸ್ಕರ ಸುಳ್ಳು ಹೇಳೋರು ಇದ್ರು, ನನ್ನ ಮೇಲೆ ಸುಳ್ಳು ಹೇಳೋರೂ ಇದ್ರು. ನನ್ನಂಥೋನ ವಿಷಯದಲ್ಲೂ ನಿಜಾನೇ ಹೇಳ್ಬೇಕು ಅಂತ ನಿಂತೋರನ್ನ ನೋಡಿದ್ದು ಅದೇ ಮೊದಲು. ಆವತ್ತೇ ಒಳ್ಳೆಯವನಾದೆ ಅಂತ ಹೇಳಲ್ಲ. ಆಮೇಲೂ ಅಲ್ಲಿ ಇಲ್ಲಿ ನಲ್ಲಿ ಬಿಚ್ಚಿದೆ. ಆದ್ರೆ ಕೈ ನಡುಗೋಕೆ ಶುರುವಾಯ್ತು, ನಡುಗೋ ಕೈಯಲ್ಲಿ ಆ ಕೆಲಸ ಆಗಲ್ಲ. ಯೇಸು ಹೆಸರು ಕೇಳೋಕೆ ಎಷ್ಟೋ ವರ್ಷ ಮುಂಚೆ ನಾನು ನೋಡಿದ್ದು ಇವರನ್ನ. ಇವರಿಗೆ ಜಾಮೀನು ಬೇಕಾದ್ರೆ ನಾನು ನಿಲ್ತೀನಿ.”

ಹೇಳಿ ಮುಗಿಸಿ ಅವನು ಸೊಂಟದಿಂದ ಕೀಲಿ ಗೊಂಚಲು ಬಿಚ್ಚಿ ಮೇಜಿನ ಮೇಲಿಟ್ಟ.

ಮೊದಲು ಬಾಯಿಬಿಟ್ಟವರು ಔಷಧಿ ಅಂಗಡಿಯಮ್ಮ. ಯಾವ ಹಾಸ್ಟೆಲ್ಲು ಎಂದು ಕೇಳಿದರು. ಅವನು ಹೇಳಿದ. ಆಯಮ್ಮನ ಮುಖದಲ್ಲಿ ಏನೇನೋ ಆಗಿ, ಕೊನೆಗೆ ಸೆರಗು ಬಾಯಿಗೊತ್ತಿಕೊಂಡು ನಗಲು ಶುರುಮಾಡಿದರು. ಆಗ ಅವರು ಅದೇ ಹಾಸ್ಟೆಲಿನಲ್ಲಿದ್ದುಕೊಂಡು ಓದುತ್ತಿದ್ದರಂತೆ. ಮಾರನೆಯ ದಿನ ಪರೀಕ್ಷೆ, ಒಂದಕ್ಷರ ಓದಿರಲಿಲ್ಲ. ಬೆಳಿಗ್ಗೆ ಎದ್ದರೆ ಮೆಟ್ಟಿಲ ಮೇಲೆ ಜಲಪಾತ, ಚಪ್ಪಲಿ ಪುಸ್ತಕ ಎಲ್ಲ ತೇಲುತ್ತಿವೆ. ಪರೀಕ್ಷೆ ಮುಂದಕ್ಕೆ ಹೋಯಿತು. “ನಾನು ಪಾಸಾದದ್ದು ನಿಮ್ಮಿಂದ,” ಎಂದು ಕಣ್ಣೊರೆಸಿಕೊಂಡರು. “ದೇವರೇ ಕಾಪಾಡಿದ ಅಂತ ಇಷ್ಟು ವರ್ಷ ಸ್ತೋತ್ರ ಹೇಳಿದ್ದೀನಿ.”

ಆ ನಗು ಹತ್ತಿಕೊಂಡು ಪಾದ್ರಿಗೆ ಬಂತು, ನಮಗೆ ಬಂತು. ನಿಲ್ಲಿಸಲು ಹೋದ ಬ್ಯಾಂಕಿನ ಹಿರಿಯರಿಗೂ ಬಂತು. ಎಲ್ಲ ತಣ್ಣಗಾದ ಮೇಲೆ ಹಿರಿಯರು ಕೀಲಿ ಗೊಂಚಲನ್ನು ನೋಡಿದರು, ಭಾವನನ್ನು ನೋಡಿದರು.

“ಇಷ್ಟು ದಿನ ಕಣ್ಣಿಟ್ಟಿದ್ದೀರಿ. ಇವರ ಕೈಲಿ ಕೀಲಿ ಇರಬಹುದಾ? ನೀವು ನೋಡಿದ್ದು ಸಾಕಾ?”

“ಸಾಕು ಸಾರ್,” ಎಂದರು ಭಾವ.

ಆ ಮಾತು ಅವರ ಬಾಯಿಂದ ಬಂದದ್ದನ್ನು ಅಕ್ಕ ಮದುವೆಯಾದಾಗಿನಿಂದ ಕೇಳಿರಲಿಲ್ಲವಂತೆ. ಹಿರಿಯರು ಗೊಂಚಲನ್ನು ಪ್ಲಂಬರಣ್ಣನ ಕಡೆಗೆ ಸರಿಸಿದರು. ಜಾಮೀನನ್ನೂ ಒಪ್ಪಿದರು. ಪೊಲೀಸರಿಗೆ ಕಳ್ಳ ಜಾಮೀನು ಕೊಟ್ಟದ್ದನ್ನು ಬ್ಯಾಂಕಿನಲ್ಲಿ ನಾನೆಂದೂ ಕಂಡಿರಲಿಲ್ಲ ಎಂದು ಹಿರಿಯರು ಮುಂದೆ ಊರೆಲ್ಲ ಹೇಳಿಕೊಂಡು ತಿರುಗಿದರು.

ಹೊರಗೆ ಜಗಲಿಯ ಮೇಲೆ ಇಬ್ಬರೂ ಚಪ್ಪಲಿ ಮೆಟ್ಟಿಕೊಳ್ಳುತ್ತಿದ್ದರು. ಭಾವ ಅವನ ಮುಖ ನೋಡದೆ, “ಆ ಕೇಸು ಬಿದ್ದ ದಿನ ನಾನು ಊಟ ಮಾಡಿರಲಿಲ್ಲ ಕಣೋ. ನನ್ನ ಸರ್ವೀಸಿಗೇ ಕಪ್ಪುಚುಕ್ಕೆ ಅಂದುಕೊಂಡಿದ್ದೆ,” ಎಂದರು. ಅವನು ಅವರ ಸ್ಕೂಟರನ್ನು ಸ್ಟ್ಯಾಂಡಿನಿಂದ ಇಳಿಸಿಕೊಟ್ಟ.

ಹಾಸ್ಟೆಲಿಗೆ ಹೋಗಿ ಒಪ್ಪಿಕೊಳ್ಳಬೇಕೆಂದು ಪ್ಲಂಬರಣ್ಣನಿಗೆ ತಾನಾಗೇ ಅನ್ನಿಸಿತು. ಒಬ್ಬನೇ ಹೋಗಲು ಧೈರ್ಯ ಸಾಲದೆ ಭಾವನನ್ನು ಕರೆದ. ಈಗಿನ ವಾರ್ಡನ್ ಆ ಕಳವಾದಾಗ ಹುಟ್ಟಿಯೇ ಇರಲಿಲ್ಲ. ಅವಳು ಪೂರ್ತಿ ಕತೆ ಬಾಯಿಬಿಟ್ಟುಕೊಂಡು ಕೇಳಿ, ದೂರೇನೂ ಇಲ್ಲ, ಆದರೆ ಮೇಲಿನ ಮಹಡಿಯಲ್ಲಿ ಅರ್ಧ ನಲ್ಲಿಗಳು ಸೋರುತ್ತಿವೆ, ಬಂದದ್ದು ಬಂದಿದ್ದೀರಿ, ಸ್ವಲ್ಪ ನೋಡುತ್ತೀರಾ ಎಂದಳು. ಇಬ್ಬರೂ ದಿನವೆಲ್ಲ ಅಲ್ಲೇ ಇದ್ದರು. ಭಾವ ವಾಷರು ಎತ್ತಿಕೊಡುವುದು, ಟಾರ್ಚು ಹಿಡಿಯುವುದು. ಹಿಡಿಯುವುದಕ್ಕಿಂತ ಹೆಚ್ಚು, ಅದು ಹಾಗಲ್ಲ ಹೀಗೆ ಎಂದು ಹೇಳುವುದು. ಸಂಜೆ ಪ್ಲಂಬರಣ್ಣ, ನಿಮ್ಮ ಲಾಕಪ್ಪೇ ವಾಸಿ ಸಾರ್ ಎಂದನಂತೆ.

ದೀಕ್ಷಾಸ್ನಾನದ ಭಾನುವಾರ ಚರ್ಚಿನಲ್ಲಿ ನಿಲ್ಲಲು ಜಾಗವಿರಲಿಲ್ಲ. ಠಾಣೆಯ ಹಳೆಯ ಸಹೋದ್ಯೋಗಿಗಳು ಸಾಲಾಗಿ ಬಂದು, ಟೋಪಿ ತೆಗೆಯಬೇಕೋ ಬೇಡವೋ ತಿಳಿಯದೆ ತೆಗೆದು ಹಾಕಿ ಮಾಡುತ್ತ ಕೂತಿದ್ದರು. ವೇದಿಕೆಯ ಹಲಗೆ ಸರಿಸಿದರೆ ಅದರಡಿ ನೀರಿನ ತೊಟ್ಟಿ. ಪ್ಲಂಬರಣ್ಣ ಮುಂಜಾನೆಯೇ ಬಂದು ತುಂಬಿಸಿದ್ದ. ಭಾವ ಬಿಳಿ ಉಡುಪಿನಲ್ಲಿ ಎದೆಮಟ್ಟದ ನೀರಿಗಿಳಿದು ಅಟೆನ್ಷನ್ನಿನಲ್ಲಿ ನಿಂತರು. ನಮ್ಮ ಪಾದ್ರಿ ಕಡ್ಡಿಪೈಲ್ವಾನರು. ತಂದೆಯ, ಮಗನ, ಪವಿತ್ರಾತ್ಮನ ಹೆಸರಿನಲ್ಲಿ ಎಂದು ಭಾವನನ್ನು ಹಿಂದಕ್ಕೆ ಬಾಗಿಸಿ ಮುಳುಗಿಸಿದರೇನೋ ಸರಿ, ಎತ್ತಲು ಆಗಲಿಲ್ಲ. ಪಾದ್ರಿಯ ಕಾಲೂ ಜಾರಿತು. ನೀರಿನ ಮೇಲೆ ಗುಳ್ಳೆಗಳು ಮಾತ್ರ ಕಂಡವು. ಎಲ್ಲರೂ ಕತ್ತು ಉದ್ದ ಮಾಡಿ ನೋಡುತ್ತಿರುವಾಗಲೇ ಪ್ಲಂಬರಣ್ಣ ಒಳ್ಳೆಯ ಬಟ್ಟೆ, ಸೊಂಟದ ಕೀಲಿ ಸಮೇತ ದುಮುಕಿದ. ಇಬ್ಬರೂ ಒಂದೊಂದು ಕಂಕುಳಿಗೆ ಕೈಕೊಟ್ಟು ಎತ್ತಿದಾಗ ಭಾವ ಮೀಸೆಯಿಂದ ನೀರಿಳಿಸುತ್ತ, ಕೆಮ್ಮುತ್ತ, ಮಗುವಿನಂತೆ ನಗುತ್ತ ಮೇಲೆ ಬಂದರು. ಅಕ್ಕ ಯಾರ ಸನ್ನೆಗೂ ಕಾಯದೆ ಹಾಡು ಎತ್ತಿದಳು. ಹಾರ್ಮೋನಿಯಂನವರು ಅವಳನ್ನು ಹಿಡಿಯಲು ಎರಡು ಚರಣ ಓಡಬೇಕಾಯಿತು.

ಆ ಮಧ್ಯಾಹ್ನ ಗಾಯನ ತಂಡದ ಅಭ್ಯಾಸವಿತ್ತು. ಅಕ್ಕ ಬರಲಿಲ್ಲ. ಏನಾಯಿತೆಂದು ಸಂಜೆ ಗೋಡೆಯ ಬಳಿ ಹೋಗಿ ಕೇಳಿದೆ. ಅವಳು ತುಟಿಯ ಮೇಲೆ ಬೆರಳಿಟ್ಟುಕೊಂಡು ಒಳಗೆ ಕೈ ತೋರಿಸಿದಳು. ಹಗಲು ಹೊತ್ತು ಮಲಗುವುದೆಂದರೇನೆಂದು ಭಾವನಿಗೆ ಗೊತ್ತಿರಲಿಲ್ಲ. ಕರೆ ಬರಬಹುದೆಂದು ಸದಾ ಒಂದು ಕಿವಿ ಬಾಗಿಲಲ್ಲಿಟ್ಟುಕೊಂಡೇ ಬದುಕಿದವರು. ಆ ದಿನ ಊಟ ಮಾಡಿ, ಒದ್ದೆ ಬಟ್ಟೆ ತಾವೇ ಹರವಿ ಬಂದು, ಚಾಪೆಯ ಮೇಲೆ ಉರುಳಿದವರು ಹಾಗೇ ನಿದ್ದೆ ಹೋಗಿದ್ದರು. ಕಿಟಕಿಯಿಂದ ಗೊರಕೆ ಕೇಳುತ್ತಿತ್ತು.

“ಪಕ್ಕದಲ್ಲೇ ಕೂತ್ಕೊಂಡು ಕೇಳ್ತಿದ್ದೆ ಕಣೇ,” ಎಂದು ಅಕ್ಕ ಪಿಸುಗುಟ್ಟಿದಳು. ಅವಳಿಗೆ ಪಿಸುಗುಟ್ಟಲು ಬರುತ್ತದೆಂದು ನನಗೆ ತಿಳಿದದ್ದು ಆಗಲೇ.